ಅಂಪೈರ್ ಬಿಚ್ಚಿಕೊಟ್ಟ ಮಾಸ್ಕ್

ನಾಲ್ಕು ವರ್ಷದ ಹಿಂದೆ, ನಾನು ಯಳಂದೂರಿನಲ್ಲಿ ಪಿಯುಸಿ ಓದುತ್ತಿದ್ದಾಗಿನ ಮಾತು. ಕೊಳ್ಳೇಗಾಲದ ಮೈದಾನದಲ್ಲಿ ಹನೂರಿನ ಹುಡುಗಿಯರ ಮೇಲೆ ನಮ್ಮ ಬೇಸ್‌ಬಾಲ್ ಪಂದ್ಯ. ಗೆದ್ದವರು ಮೈಸೂರಿಗೆ ಆಡಲು ಹೋಗುತ್ತಾರೆ. ಮಾಂಬಳ್ಳಿಯ ನಾನು ಮೈಸೂರಿಗೆ ಹೋಗಿಯೇ ಸಿದ್ಧ ಎಂದು ಹಟ ಹಿಡಿದಿದ್ದೆ.

ಬ್ಯಾಟು ಬೀಸುವವಳ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ನಾನು. ಮುಖಕ್ಕೆ ಕಬ್ಬಿಣದ ಜಾಲರಿಯ ಮಾಸ್ಕ್ ಇಲ್ಲದೆ ಅಲ್ಲಿ ಕೂರುವಂತಿಲ್ಲ. ಎರಡೂ ಕಾಲೇಜಿಗೆ ಸೇರಿ ಇದ್ದದ್ದು ಒಂದೇ. ನನ್ನ ಸರದಿ ಮುಗಿದಾಗ ಬ್ಯಾಟು ಬೀಸುವಲ್ಲಿ ನೆಲಕ್ಕೆ ಹಾಕಿದ ಹೋಮ್ ಪ್ಲೇಟ್ ಎಂಬ ಬಿಳಿ ಹಲಗೆಯ ಮೇಲೆ ಇಟ್ಟು ಬರುತ್ತಿದ್ದೆ, ಹನೂರಿನ ಕ್ಯಾಚರ್ ಎತ್ತಿ ಹಾಕಿಕೊಳ್ಳುತ್ತಿದ್ದಳು. ಅವಳ ಬೆವರು ನನಗೆ, ನನ್ನದು ಅವಳಿಗೆ. ನನ್ನ ಬೆನ್ನಿಗೇ ನಿಲ್ಲುವ ಅಂಪೈರ್ ಮಾತ್ರ ತಮ್ಮದೇ ಮಾಸ್ಕ್ ತಂದಿದ್ದರು. ಕುಂತೂರಿನವರು, ನಡುವಯಸ್ಸು.

ಕೊನೆಯ ಸರದಿ. ಅಂಕ ಸಮ. ಹನೂರಿನ ಹುಡುಗಿಯೊಬ್ಬಳು ಮೂರನೇ ಬೇಸಿನಲ್ಲಿ ಓಡಲು ಕಾಯುತ್ತಿದ್ದಳು. ಅವಳು ಓಡಿ ಬಂದು ಪ್ಲೇಟ್ ಮುಟ್ಟಿದರೆ ಅವರು ಗೆದ್ದಂತೆ, ಅದಕ್ಕೆ ಮೊದಲು ನಾನು ಚೆಂಡು ಹಿಡಿದು ಅವಳನ್ನು ಮುಟ್ಟಿದರೆ ಅವಳು ಔಟ್. ಅಷ್ಟರಲ್ಲಿ ನನ್ನ ಮಾಸ್ಕಿನ ಪಟ್ಟಿ ಕಿತ್ತು ಬಂತು.

ಹನೂರಿನ ಮೇಷ್ಟ್ರು ಎದ್ದು ಬಂದರು. "ಮಾಸ್ಕ್ ಇಲ್ದಿದ್ರೆ ಆಟ ಇಲ್ಲ ಕಣ್ರಿ. ಗೆಲುವು ನಮ್ಗೇ ಕೊಟ್ಬುಡಿ."

ನನಗೆ ಮೈಯೆಲ್ಲ ಉರಿಯಿತು. "ಮಾಸ್ಕೂ ಬ್ಯಾಡ, ಏನೂ ಬ್ಯಾಡ ಸಾ. ಅಂಗೇ ಕೂತ್ಕತೀನಿ," ಅಂದೆ.

"ಮೂಗ್ ಮ್ಯಾಲೆ ಸಿಟ್ಟು ಇಟ್ಕಬೇಕಾದ್ರೂ ಮೂಗು ಬೇಕಲ್ಲವ್ವ," ಎಂದ ಅಂಪೈರ್, ತಮ್ಮ ಮಾಸ್ಕನ್ನೇ ಬಿಚ್ಚಿ ನನ್ನ ಮುಖಕ್ಕೆ ಕಟ್ಟಿದರು. ಆಮೇಲೆ ಬರಿಮುಖದಲ್ಲಿ ನಡೆದುಹೋಗಿ, ಚೆಂಡು ಎಸೆಯುವವಳ ಹಿಂದೆ ನಿಂತರು. "ಇಲ್ಲಿಂದ್ಲೂ ಕಾಣ್ತದೆ. ಆಡ್ರವ್ವ."

ಮುಂದಿನ ಚೆಂಡು ಬ್ಯಾಟನ್ನು ಸವರಿ ನೇರ ನನ್ನ ಮುಖಕ್ಕೇ ಬಡಿಯಿತು. ಠಣ್ ಎಂದಿತು ಜಾಲರಿ. ಕೈಯಿಟ್ಟು ನೋಡಿಕೊಂಡೆ, ಮೂಗು ಇದ್ದಲ್ಲೇ ಇತ್ತು.

ಅದರ ಮುಂದಿನ ಎಸೆತಕ್ಕೆ ಹೊಡೆತ ಬಿತ್ತು. ಮೂರನೇ ಬೇಸಿನವಳು ಓಡಿ ಬಂದಳು. ಚೆಂಡೂ ನನ್ನ ಕೈಗೆ ಬಂತು, ಅವಳನ್ನು ಮುಟ್ಟಿ ಔಟ್ ಎಂದು ಕೂಗಿದೆ. ಅಂಪೈರ್ ಅಲ್ಲಿಂದ ಧೂಳಿನಲ್ಲಿ ಓಡಿ ಬಂದಿದ್ದರು. ಎರಡೂ ಕೈ ಚಾಚಿ, "ಸೇಫ್, ಔಟಿಲ್ಲ," ಅಂದರು.

ನಾವು ಸೋತೆವು. ನನ್ನ ಗೆಳತಿಯರು ಜಗಳಕ್ಕೇ ನಿಂತರು. ನಾನು ಮಾತ್ರ ಮಾಸ್ಕ್ ಬಿಚ್ಚತೊಡಗಿದೆ. ನಾನು ಮುಟ್ಟುವುದಕ್ಕಿಂತ ಕೂದಲೆಳೆಯಷ್ಟು ಮೊದಲೇ ಓಡಿ ಬಂದವಳ ಕಾಲು ಪ್ಲೇಟಿಗೆ ತಾಗಿದ್ದು ನನಗೆ ಗೊತ್ತಿತ್ತು. ಅಷ್ಟು ದೂರದಿಂದ ಬಂದ ಅವರಿಗೆ ಹೇಗೆ ಕಂಡಿತೋ!

ಮಾಸ್ಕ್ ಹಿಂದಿರುಗಿಸುವಾಗ ತಡೆಯಲಾಗಲಿಲ್ಲ. "ಮಾಸ್ಕ್ ಕೊಟ್ಟು ಮೈಸೂರು ಕಿತ್ಕಂಡ್ರಲ್ಲ ಸಾ," ಅಂದೆ.

ಅವರು ಮಾಸ್ಕಿಗಂಟಿದ ನನ್ನ ಬೆವರನ್ನು ತಮ್ಮ ಅಂಗಿಯ ತುದಿಯಲ್ಲಿ ಒರೆಸುತ್ತ ನಕ್ಕರು. "ಮಾಸ್ಕು ನಂದು, ಕೊಟ್ಟೆ ಕಣವ್ವ. ಗೆಲುವು ನಂದಲ್ವಲ್ಲ."

ಮೈಸೂರು ತಪ್ಪಿದ ಬೇಜಾರು ಯಾವತ್ತೋ ಹೋಯಿತು. ಆ ಬರಿಮುಖದ ಎದುರು ನಾನೆಷ್ಟು ಚಿಕ್ಕವಳು ಅನಿಸಿದ್ದು ಇನ್ನೂ ಹೋಗಿಲ್ಲ.