ಆಪರೇಟರ್ ಮಾಮ ಹಾಕದ ರೀಲು

ಯಶವಂತಪುರದ ನಮ್ಮ ವಠಾರದಲ್ಲಿ ಎಲ್ಲರೂ ಹೇಳುವುದು ಒಂದೇ: ಥಿಯೇಟರಿನ ಆಪರೇಟರ್ ಮಾಮ ಅವತ್ತು ಮ್ಯಾಟಿನಿಯಲ್ಲಿ ನಿದ್ದೆ ಹೋಗಿ ಕೊನೆಯ ರೀಲು ಹಾಕುವುದನ್ನೇ ಮರೆತರು. ನಾನಿದನ್ನು ಒಪ್ಪುವುದಿಲ್ಲ. ಫಿಲ್ಮ್ ಎಲ್ಲಿ ಹರಿದಿದೆ ಎಂದು ಅಂಚು ಸವರಿ ನೋಡುವ ಅಭ್ಯಾಸ ಅವರನ್ನು ಮನೆಯಲ್ಲೂ ಬಿಟ್ಟಿರಲಿಲ್ಲ. ಪೇಪರಾಗಲಿ, ಟವೆಲಾಗಲಿ, ಅಂಚು ಸವರಿ "ಹರಿದಿಲ್ಲ ಬಿಡು" ಎನ್ನುತ್ತಿದ್ದರು. ಬ್ರೌನ್ ಶುಗರ್ ಸೇದಿ ಬಾಗಿಲಲ್ಲೇ ಬಿದ್ದಿದ್ದ ಮಗನ ಅಂಗಿತೋಳನ್ನೂ ಹಾಗೇ ಸವರಿ, ಅದೇ ಮಾತು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಅಂಥವರು ಇಡೀ ರೀಲನ್ನು ಮರೆಯುತ್ತಾರೆಯೇ?

ಆ ಸಿನಿಮಾದ ಹುಡುಗನೂ ನಶೆಗೆ ಬಿದ್ದವನು. ಕೊನೆಯ ರೀಲಿನಲ್ಲಿ ಸಾಯುತ್ತಾನೆ. ಅದಕ್ಕೂ ಮೊದಲಿನ ರೀಲಿನಲ್ಲಿ ಮನೆಗೆ ಬಂದು ಅಮ್ಮನ ಕೈತುತ್ತು ತಿನ್ನುತ್ತಾನೆ. ಅವತ್ತು ಮಾಮನ ಹೆಂಡತಿ, ನಮ್ಮತ್ತೆ, ನನ್ನ ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಕೈತುತ್ತು ಮುಗಿದದ್ದೇ ಥಿಯೇಟರಿನ ದೀಪ ಹತ್ತಿತು. ಜನ ಸೀಟು ಬಡಿದು, "ಲೇ ಆಪರೇಟರ್, ಮಿಕ್ಕಿದ್ದು ನಿಮ್ಮಪ್ಪ ತೋರಿಸ್ತಾನಾ?" ಎಂದು ಕೂಗಿದರು. ಅತ್ತೆ ಮಾತ್ರ ಕಣ್ಣೊರೆಸಿಕೊಂಡು, "ನೋಡ್ದೇನೋ, ವಾಪಸ್ ಬಂದ! ನಾಳೆ ನಮ್ಮೋನ್ನೂ ಕರ್ಕೊಂಡು ಬರ್ತೀನಿ" ಎಂದರು.

ನಾನು ಮೆಟ್ಟಿಲು ಹತ್ತಿ ಮಾಮನ ಪ್ರೊಜೆಕ್ಟರ್ ರೂಮಿಗೆ ಹೋದೆ.

"ಅತ್ತೆಗೆ ಹಿಂಗೆ ಸುಳ್ಳು ಹೇಳ್ಬಹುದಾ ಮಾಮ?"

"ಸುಳ್ಳೆಲ್ಲಿ ಬಂತೋ? ತೋರಿಸಿದ್ದೆಲ್ಲ ಪಿಚ್ಚರಲ್ಲಿ ಇರೋದೇ."

ಮಾಮ ಹಾಕದೆ ಉಳಿಸಿದ ರೀಲಿನ ಅಂಚನ್ನು ಸವರುತ್ತಾ ಕೂತಿದ್ದರು.

"ಅತ್ತೆ ನಾಳೆ ಅವನನ್ನೂ ಕರ್ಕೊಂಡು ಬರ್ತಾರಂತೆ. ಅವನಿಗೆ ಯಾವ ಕೊನೆ ತೋರಿಸ್ತೀರಾ ಮಾಮ?"