ಕಾರಿಗೆ ತುಕ್ಕು ತಂದ ಹಾರ

ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪೇ ಪಕ್ಕದ ಮನೆಯ ಅಂಕಲ್ ಕಾರನ್ನು ತಿಂದಿತು ಎಂದು ನಮ್ಮ ಊರು ಆಶ್‌ಬರ್ನ್‌ನಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಒಪ್ಪಲಿಲ್ಲ. ಚಳಿಗಾಲವಿಡೀ ಹೊದಿಕೆಯಡಿ ಮಲಗುವ ಕಾರಿಗೆ ಉಪ್ಪು ತಗುಲುವುದು ಹೇಗೆ?

ನಿವೃತ್ತ ಡಾಕ್ಟರ್ ಆದ ಅಂಕಲ್, ಮೆಲ್ಬರ್ನ್‌ನಿಂದ ಹಡಗಿನಲ್ಲಿ ತರಿಸಿದ್ದ ಆ ಹಳೆಯ ಆಸ್ಟ್ರೇಲಿಯನ್ ಕಾರನ್ನು ಮರುದಿನ ಗುಜರಿಗೆ ಕಳಿಸುವವರಿದ್ದರು. ಒಂದು ಗಂಟೆ ಸಮಯ ಕೇಳಿ ಬಾನೆಟ್ ಎತ್ತಿದೆ. ಮುಂದಿನ ಗಾಜಿನ ಬುಡದಲ್ಲಿ ಮಳೆನೀರು ಹರಿದುಹೋಗಲು ರಂಧ್ರಗಳಿರುತ್ತವೆ. ಬೆರಳು ಹಾಕಿದರೆ ಕೊಳೆತ ಕಪ್ಪು ಮುದ್ದೆ ಬಂತು. ಅದರೊಳಗೆ ದಾರ, ಚೆಂಡುಹೂವಿನ ಎಸಳು. ಪ್ರತಿ ಆಯುಧಪೂಜೆಗೂ ಅಂಕಲ್ ವೈಪರ್ ಮೇಲೆ ಹಾರ ಹಾಕಿ, ಅದು ತಾನಾಗಿ ಉದುರುವವರೆಗೂ ತೆಗೆಯುತ್ತಿರಲಿಲ್ಲ. ರಂಧ್ರ ಕಟ್ಟಿ ನಿಂತ ನೀರು ಒಳಗಿಳಿದು ಸೀಟಿನ ಮುಂದೆ ಕಾಲಿಡುವ ತಗಡಿಗೆ ತುಕ್ಕು ಹಿಡಿಸಿತ್ತು.

“ಏನಮ್ಮಾ, ದೇವರ ಹೂವಿನ ಮೇಲೇ ಕೇಸ್ ಹಾಕ್ತೀಯಾ?”

“ಹೂವಿನ ಮೇಲಲ್ಲ ಅಂಕಲ್, ಅದನ್ನ ಕ್ಲೀನ್ ಮಾಡ್ದೇ ಇರೋರ ಮೇಲೆ.”

ತುಕ್ಕು ತಿಂದ ತೂತು ಅಂಗೈಯಗಲ ಅಷ್ಟೇ, ವೆಲ್ಡಿಂಗ್ ಸಾಕು. ಅಂಕಲ್ ಗುಜರಿ ಲಾರಿಯನ್ನು ಬೇಡವೆಂದರು. ಹಳೆಯ ಕಾರಿರುವವರೇ, ಊರಿನ ಉಪ್ಪನ್ನು ದೂರುವ ಮೊದಲು ಆ ರಂಧ್ರಗಳನ್ನು ನೋಡಿ. ಅಂಕಲ್‌ಗೆ ನನ್ನದು ಇನ್ನೊಂದೇ ಪ್ರಶ್ನೆ: ಈ ವರ್ಷ ಹಾರ ಎಲ್ಲಿ ಹಾಕ್ತೀರಿ, ಅಂಕಲ್?