ಅಕ್ಷರ ಬರೋ ಟಿವಿ

ಬಸ್ ಕಂಡಕ್ಟರಾಗಿದ್ದ ನಮ್ಮ ಚಿಕ್ಕಪ್ಪ ಒಮ್ಮೆ ಹಟ ಹಿಡಿದರೆ ಯಾರಪ್ಪ ಬಂದರೂ ಬಿಡುವವರಲ್ಲ. ಚಿಕ್ಕಮ್ಮನಿಗೆ ಕಿವಿ ಪೂರ್ತಿ ಕೇಳಿಸದಾದ ತಿಂಗಳೇ ಅವರು ಕೇಬಲ್ ತೆಗೆಸಿದರು. "ನೂರು ಚಾನೆಲ್ ಇದೆ, ಕೆಳಗೆ ಒಂದಕ್ಷರ ಇಲ್ಲ. ಇವಳಿಗೇನು ಉಪಯೋಗ?" ಎಂದರು. ಅಂದಿನಿಂದ, ಆಡಿದ ಮಾತು ಪರದೆಯ ಕೆಳಗೆ ಬರಹವಾಗಿ ಮೂಡುವ ಚಿತ್ರಗಳ ಬೇಟೆ ಶುರುವಾಯಿತು. ಲೈಬ್ರರಿಯ ಡಿವಿಡಿ ಕಪಾಟು ಜಾಲಾಡಿದರು. ತಾವೇ ಮಾಳಿಗೆ ಹತ್ತಿ ಆಂಟೆನಾ ನೆಟ್ಟರು. ಮೊಬೈಲ್ ಅಂಗಡಿಯಾಕೆಯನ್ನು ದಿನಕ್ಕೆರಡು ಸಲ "ಇದ್ರಲ್ಲಿ ಅಕ್ಷರ ಬರುತ್ತೇನಮ್ಮಾ?" ಎಂದು ಕೇಳಿ ಸುಸ್ತು ಮಾಡಿದರು. ಹೆಸರು ಹೇಳಲು ನಾಲಿಗೆ ಹೊರಳದ ದೇಶಗಳ ಪತ್ತೇದಾರರೆಲ್ಲ ಈಗ ಅವರ ಮನೆಯ ನೆಂಟರು. ಮೊನ್ನೆ ಸಂಜೆ ನಾನು ಹೋದಾಗ ಇಬ್ಬರೂ ಒಂದೇ ಸಾಲು ಓದಿ ಒಟ್ಟಿಗೆ ನಗುತ್ತಿದ್ದರು. ಟಿವಿಯಲ್ಲಿ ಸದ್ದೇ ಇರಲಿಲ್ಲ. "ಸೌಂಡ್ ಇಡ್ಲಾ ಚಿಕ್ಕಪ್ಪ?" ಎಂದೆ. "ಬೇಡ. ಕೇಳಿಸಿದ್ರೆ ನಾನು ಮೊದ್ಲೇ ನಕ್ಕುಬಿಡ್ತೀನಿ. ಆಮೇಲೆ ಅವಳೊಬ್ಳೇ ನಗಬೇಕಾಗುತ್ತೆ" ಎಂದರು.